ಡೆಪಾ ಎಣ್ಣೆ: ಮೂರು ಸೀಸನ್ ಹಚ್ಕೊಂಡು ದರಕಿಗೆ (ಕಾಡಿನ ಒಣಎಲೆ ತರೋಕೆ) ಹೋದವಳ ಅನುಭವ

ಮಂಗನ ಕಾಯಿಲೆ ಇರೋ ಕಡೆಯವರಿಗೆ ಈ ಬಾಟ್ಲಿ ಗೊತ್ತೇ ಇರುತ್ತೆ, ಆ ಕಾಯಿಲೆ ಹರಡೋ ಉಣುಗು (ಉಣ್ಣೆ) ಕಚ್ಚದ ಹಾಗೆ ಮೈಗೆ ಹಚ್ಕೊಳ್ಳೋ ಎಣ್ಣೆ ಇದು, ಆರೋಗ್ಯ ಇಲಾಖೆಯಿಂದ ಫ್ರೀಯಾಗಿ ಬರುತ್ತೆ, ನಮ್ಮಲ್ಲಿ ಆಶಾ ಅಕ್ಕ ಮನೆಗೇ ತಂದ್ಕೊಡ್ತಾರೆ. ದುಡ್ಡು ಕೊಟ್ಟು ತಗೊಳ್ಳೋದಲ್ವಲ್ಲ, ಅದಕ್ಕೋ ಏನೋ ಇದು ಹೇಗಿದೆ ಅಂತ ಯಾರೂ ಬರೆಯಲ್ಲ. ಆದ್ರೆ "ಅದ್ರಿಂದ ಏನೂ ಆಗಲ್ಲ ಬಿಡಿ" ಅಂತ ಸೀಲ್ ಕೂಡ ಒಡೀದೆ ಅಟ್ಟದ ಮೇಲೆ ಇಟ್ಟಿರೋ ಮನೆಗಳನ್ನ ನೋಡಿ ನಂಗೆ ಹೊಟ್ಟೆ ಉರಿಯುತ್ತೆ, ಅದಕ್ಕೇ ಬರೀತಿದೀನಿ.

ಇದು ರಕ್ಷಣಾ ಸಂಶೋಧನೆ ಮಾಡೋ ಡಿಆರ್‌ಡಿಒದ ಗ್ವಾಲಿಯರ್ ಲ್ಯಾಬಲ್ಲಿ ಕಂಡುಹಿಡಿದ ಔಷಧಿ. ಉಣುಗನ್ನ ಕೊಲ್ಲಲ್ಲ, ಮೈಗೆ ಹತ್ತದ ಹಾಗೆ ದೂರ ಇಡುತ್ತೆ ಅಷ್ಟೇ. ಮೊದ್ಲೆಲ್ಲ ಇದೇ ಕೆಲಸಕ್ಕೆ ಡಿಎಂಪಿ ಅನ್ನೋ ಬೇರೆ ಎಣ್ಣೆ ಕೊಡ್ತಿದ್ರು, ಈಗ ಇದು. ಸ್ವಲ್ಪ ಜಿಡ್ಡು, ಬೆವರು ಬಂದಾಗ ಕಿರಿಕಿರಿ ಆಗುತ್ತೆ, ವಾಸನೆ ನಂಗಂತೂ ತೊಂದ್ರೆ ಅನ್ನಿಸಿಲ್ಲ.

ಮೊದಲ್ನೇ ವರ್ಷ ನಾನು ಮಾಡಿದ್ದು ದೊಡ್ಡ ತಪ್ಪು. ಸೊಳ್ಳೆಗೆ ಹಚ್ಕೊಂಡ ಹಾಗೆ ಕೈಗೆ, ಕುತ್ತಿಗೆಗೆ ಸವರ್ಕೊಂಡು ಸೊಪ್ಪಿನ ಬೆಟ್ಟಕ್ಕೆ ಹೋದೆ. ಸಂಜೆ ಬಚ್ಚಲಲ್ಲಿ ಸ್ನಾನಕ್ಕೆ ನಿಂತಾಗ ಸೊಂಟದಲ್ಲಿ, ಲಂಗದ ಲಾಡಿ ಬಿಗಿಯೋ ಜಾಗದಲ್ಲಿ ಒಂದು ಚುಕ್ಕೆ, ಸಾಸಿವೆಗಿಂತ ಚಿಕ್ಕದು, ಮಣ್ಣು ಅಂದ್ಕೊಂಡು ಉಗುರಲ್ಲಿ ಕೆರೆದೆ, ಹೋಗ್ಲಿಲ್ಲ, ಟಾರ್ಚ್ ಹಾಕಿ ನೋಡಿದ್ರೆ ಕಾಲು ಆಡಿಸ್ತಾ ಇತ್ತು. ಆವತ್ತು ರಾತ್ರಿ ನಿದ್ದೆ ಬರ್ಲಿಲ್ಲ, ಎಂಟು ದಿನ ದಿನಾ ಹಣೆ ಮುಟ್ಟಿ ಮುಟ್ಟಿ ನೋಡ್ಕೊಂಡೆ. ದೇವರ ದಯೆ, ಏನೂ ಆಗ್ಲಿಲ್ಲ.

ಆಮೇಲೆ ಅರ್ಥ ಆಯ್ತು. ಉಣುಗು ಹಾರಲ್ಲ, ಜಿಗಿಯಲ್ಲ, ದರಕಿನ ಮೇಲೆ, ಗಿಡದ ತುದೀಲಿ ಕಾಯ್ತಾ ಕೂತಿರುತ್ತೆ, ಕಾಲಿಂದ ಹತ್ತಿ ಮೇಲೆ ಬರುತ್ತೆ. ಹಾಗಾಗಿ ಎಣ್ಣೆ ಮೊದ್ಲು ಬೀಳಬೇಕಾಗಿರೋದು ಪಾದ, ಹಿಮ್ಮಡಿ, ಮೊಣಕಾಲ ತನಕ. ಆಮೇಲೆ ಕೈ, ಕುತ್ತಿಗೆ. ಕಣ್ಣು, ಬಾಯಿ, ಗಾಯ ಇರೋ ಕಡೆ ಬೇಡ. ವಾಪಸ್ ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ, ಮೈಗೂ ಸೋಪು ಹಾಕಿ ಬಿಸಿನೀರಿನ ಸ್ನಾನ, ಎಣ್ಣೆ ಹಚ್ಚಿದೀನಲ್ಲ ಅಂತ ಸ್ನಾನ ಬಿಟ್ರೆ ಹಚ್ಚಿದ್ದೂ ದಂಡ. ಹೀಗೆ ಮಾಡೋಕೆ ಶುರು ಮಾಡಿದ ಮೇಲೆ ಎರಡು ಸೀಸನ್ನಲ್ಲಿ ನಂಗೆ ಮೈಮೇಲೆ ಒಂದೂ ಸಿಕ್ಕಿಲ್ಲ, ಎಣ್ಣೆ ಬೇಡ ಅಂತ ಹೋದ ನಮ್ಮನೆ ಆಳಿನ ಕಾಲಲ್ಲಿ ಒಂದೇ ದಿನ ಮೂರು ತೆಗೆದ್ವಿ.

ಇಷ್ಟೊಂದು ಹೆದರಿಕೆ ಯಾಕೆ ಅಂತ ಕೇಳೋರಿಗೆ ಒಂದ್ಮಾತು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸಾಯ್ತಾ ಇದ್ದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಈ ವೈರಸ್ ಕಂಡುಹಿಡಿದ್ರು, ಕಾಯಿಲೆಗೆ ಊರಿನ ಹೆಸರೇ ಬಂತು, ಕ್ಯಾಸನೂರು ಫಾರೆಸ್ಟ್ ಡಿಸೀಸ್, ಅಂದ್ರೆ ಕೆಎಫ್‌ಡಿ. ಇಷ್ಟು ವರ್ಷ ಆದ್ರೂ ವೈರಸ್ಸನ್ನೇ ಕೊಲ್ಲೋ ಔಷಧಿ ಇಲ್ಲ. ಕಾಯಿಲೆ ಬಂದ ನೂರು ಜನರಲ್ಲಿ ಮೂರರಿಂದ ಐದು ಜನ ತೀರ್ಕೋತಾರೆ. 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಸುತ್ತಮುತ್ತ ಈ ಕಾಯಿಲೆಗೆ ಎಷ್ಟು ಜನ ತೀರ್ಕೊಂಡ್ರು ಅಂತ ಮಲೆನಾಡಿನವರಿಗೆ ಹೇಳೋದೇ ಬೇಡ. ಲಸಿಕೆ ಇತ್ತು, ಎರಡು ಡೋಸು ಆದ್ರೆ ಸುಮಾರು 62 ಪರ್ಸೆಂಟ್, ಬೂಸ್ಟರೂ ತಗೊಂಡ್ರೆ 83ರ ತನಕ ರಕ್ಷಣೆ ಅಂತ ಅಧ್ಯಯನದಲ್ಲಿ ಬಂದಿತ್ತು, 2022ರಲ್ಲಿ ಅದನ್ನೂ ನಿಲ್ಲಿಸಿದ್ರು. ಹೊಸ ಲಸಿಕೆ ಕೆಲಸ ಕೇಂದ್ರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ ಕಡೆಯಿಂದ ನಡೀತಿದೆ. ಅದು ನಮ್ಮ ತೋಳಿಗೆ ಬರೋ ತನಕ ಕೈಲಿರೋದು ಈ ಬಾಟ್ಲಿನೇ.

ಮಂಗ ಸತ್ತು ಬಿದ್ದಿರೋ ಜಾಗಕ್ಕೆ ಎಣ್ಣೆ ಹಚ್ಚಿದೀನಿ ಅಂತ ಹೋಗ್ಬೇಡಿ. ಅದರ ಮೈಮೇಲಿದ್ದ ಉಣುಗೆಲ್ಲ ಅಲ್ಲೇ ಸುತ್ತ ಉದುರಿರುತ್ತೆ, ಇಲಾಖೆಯವರಿಗೆ ತಿಳಿಸಿ, ಅವರು ಬಂದು ಹೆಣ ಸುಟ್ಟು ಉಣುಗು ಸಾಯೋಕೆ ಮೆಲಾಥಿಯಾನ್ ಪುಡಿ ಹಾಕ್ಲಿ. ಇನ್ನೊಂದು, ಕಾಯಿಲೆ ಬಂದವರ ಮನೆ ಕಡೆ ಯಾರೂ ಕಾಲಿಡಲ್ಲ, ಅದು ತುಂಬಾ ಬೇಜಾರಿನ ವಿಷಯ, ಇದು ಒಬ್ರಿಂದ ಒಬ್ರಿಗೆ ಹರಡಲ್ಲ. ಕಾಡಿಗೆ ಹೋಗಿ ಬಂದು ಮೂರರಿಂದ ಎಂಟು ದಿನದೊಳಗೆ ಜೋರು ಜ್ವರ, ತಲೆನೋವು, ಮೈಕೈ ಸೀಳೋ ಹಾಗೆ ನೋವು ಬಂದ್ರೆ ಮೆಡಿಕಲ್ ಶಾಪಿನ ನೋವಿನ ಮಾತ್ರೆ ನುಂಗಿ ಮಲಗ್ಬೇಡಿ, ಅದ್ರಿಂದ ರಕ್ತಸ್ರಾವ ಹೆಚ್ಚಬಹುದು. ಡಾಕ್ಟ್ರ ಹತ್ರ "ಬೆಟ್ಟಕ್ಕೆ ಹೋಗಿದ್ದೆ" ಅಂತ ಬಾಯಿಬಿಟ್ಟು ಹೇಳಿ ರಕ್ತ ಟೆಸ್ಟ್ ಮಾಡಿಸಿ. ಜ್ವರ ಬಿಟ್ಟಿತು ಅಂತ ಸಮಾಧಾನ ಆಗೋ ಹೊತ್ತಿಗೆ ಕೆಲವರಿಗೆ ಎರಡನೇ ಸಲ ತಿರುಗಿ ಬರುತ್ತೆ, ಆವಾಗ ಮೆದುಳಿಗೂ ತೊಂದ್ರೆ ಆಗುತ್ತೆ.

ನನ್ನ ದೂರು ಎಣ್ಣೆ ಮೇಲಲ್ಲ, ಅದು ಬರೋ ಟೈಮಿನ ಮೇಲೆ. ಉಣುಗಿನ ಮರಿ ನವೆಂಬರಿಗೇ ಏಳುತ್ತೆ, ಜನವರಿಯಿಂದ ಮಾರ್ಚ್ ಜೋರು, ನಮಗೆ ಒಂದು ವರ್ಷ ಬಾಟ್ಲಿ ಸಿಕ್ಕಿದ್ದು ಜನವರಿ ಕೊನೇಲಿ, ಅಷ್ಟೊತ್ತಿಗೆ ಕೊಟ್ಟಿಗೆಗೆ ಅರ್ಧ ದರಕು ತಂದು ಹಾಕಿ ಆಗಿತ್ತು. ಅದೂ ಮನೆಗೆ ಒಂದೇ ಬಾಟ್ಲಿ, ನಾಲ್ಕು ಜನ ಬೆಟ್ಟಕ್ಕೆ ಹೋಗೋ ಮನೇಲಿ ಅದು ಎಷ್ಟು ದಿನ ಬರುತ್ತೆ? ಎಲ್ಲೆಲ್ಲಿ ಹಚ್ಬೇಕು ಅಂತ ಒಂದು ಚಿತ್ರ ಹಾಕಿ ಕೊಟ್ಟಿದ್ರೆ ನಾನು ಮೊದಲ್ನೇ ವರ್ಷ ಆ ತಪ್ಪು ಮಾಡ್ತಿರ್ಲಿಲ್ಲ.

ಐದಕ್ಕೆ ನಾಲ್ಕು ಕೊಡ್ತೀನಿ. ನಮ್ಮತ್ತೆ ಮೊದ್ಲು ಮುಟ್ತಾನೇ ಇರ್ಲಿಲ್ಲ, ಈಗ "ಅತ್ತೆ, ಕಾಲಿಗೆ ಹಚ್ಕೊಂಡ್ರಾ?" ಅಂದ್ರೆ ಸೀರೆ ಎತ್ತಿ ಹಿಮ್ಮಡಿ ತೋರ್ಸಿ "ಹಚ್ಚಿದೀನಿ ಮಾರಾಯ್ತಿ, ನೋಡು" ಅಂತಾರೆ. ಈ ಸಲ ಆಶಾ ಅಕ್ಕನ ಬೆನ್ನು ಬಿದ್ದು ನವೆಂಬರಲ್ಲೇ ಎರಡು ಬಾಟ್ಲಿ ತಗೊಂಡಿದೀನಿ, ಒಂದನ್ನ ಕೊಟ್ಟಿಗೆ ಬಾಗಿಲ ಪಕ್ಕ ಕತ್ತಿ ಇಡೋ ಗೂಡಲ್ಲೇ ಇಟ್ಟಿದೀನಿ, ಕತ್ತಿಗೆ ಕೈ ಹಾಕಿದ್ರೆ ಮೊದ್ಲು ಅದೇ ಸಿಗುತ್ತೆ.