ಮುದ್ದೆ ಬಿಡಿಸದ ಡಯಟ್ ಪ್ಲಾನ್ ಹುಡುಕುತ್ತಾ: ಒಂದು ಆ್ಯಪ್‌ನ ರಿವ್ಯೂ

ದುಡ್ಡು ಕಟ್ಟಿಸಿಕೊಂಡು ತೂಕ ಇಳಿಸಿಕೊಡುತ್ತೇವೆ ಅನ್ನುವ ಆ್ಯಪ್‌ಗಳು ಈಗ ಹತ್ತಾರು ಇವೆ. ಅದರಲ್ಲಿ ಒಂದರ ಮೂರು ತಿಂಗಳ ಪ್ಲಾನ್ ನಾನೂ ನಮ್ಮವರೂ ತೆಗೆದುಕೊಂಡೆವು. ಹೆಸರು ಬೇಡ ಬಿಡಿ. ಐದಕ್ಕೆ ಎರಡು ಸ್ಟಾರ್ ಕೊಡುತ್ತೇನೆ, ಆ ಎರಡೂ ಆ್ಯಪ್‌ಗಲ್ಲ, ಫೋನಿನಲ್ಲಿ ಸಿಕ್ಕ ಒಬ್ಬ ಡಯಟಿಷಿಯನ್ ಮೇಡಂಗೆ.

ಸೇರುವಾಗ ವಯಸ್ಸು, ಎತ್ತರ, ತೂಕ, ವೆಜ್ಜಾ ನಾನ್‌ವೆಜ್ಜಾ, ಅಲರ್ಜಿ ಇದೆಯಾ ಅಂತ ಕೇಳುತ್ತಾರೆ. ಅಷ್ಟೇ. ಏನು ಇಷ್ಟ, ಏನು ಗಂಟಲಲ್ಲಿ ಇಳಿಯುವುದಿಲ್ಲ, ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ, ಅದೊಂದೂ ಇಲ್ಲ. ನಾನು ಹಾಸನದ ಕಡೆಯವಳು, ರಾತ್ರಿ ಮುದ್ದೆ ಆಗಲೇಬೇಕು. ನಮ್ಮವರು ಕುಂದಾಪುರದವರು, ಕುಚ್ಚಲಕ್ಕಿ ಅನ್ನ, ಮೀನು ಸಾರು ಇಲ್ಲದಿದ್ದರೆ ಊಟ ಮಾಡಿದ ಹಾಗೇ ಇಲ್ಲ ಅನ್ನುವವರು. ಇಬ್ಬರಿಗೂ ಬಂದ ಚಾರ್ಟ್ ಹೆಚ್ಚುಕಮ್ಮಿ ಒಂದೇ: ಬೆಳಿಗ್ಗೆ ಓಟ್ಸ್, ಮಧ್ಯಾಹ್ನ ಕಿನೋವಾ ಮತ್ತು ಸಲಾಡ್, ಸಂಜೆ ಮಖಾನಾ, ಗ್ರೀನ್ ಟೀ, ರಾತ್ರಿ ಬ್ರೊಕೊಲಿ ಸೂಪ್. ಸೋನಾಮಸೂರಿ ತಿನ್ನುವ ಮನೆಗೆ ಕಿನೋವಾ ರೇಟು ನೋಡಿದರೇ ಅರ್ಧ ಹೊಟ್ಟೆ ತುಂಬುತ್ತದೆ. ಮೇಲಾಗಿ ಅತ್ತೆಗೊಂದು, ಮಕ್ಕಳಿಗೊಂದು, ನಮಗೊಂದು ಅಂತ ಮೂರು ಅಡುಗೆ ಮಾಡುವವಳು ನಾನು.

ತಿಂದಿದ್ದನ್ನು ಬರೆದಿಡುವ ಜಾಗ ಇನ್ನೂ ತಮಾಷೆ. ಬಸ್ಸಾರು ಅಂತ ಹುಡುಕಿದರೆ ಸಿಗುವುದಿಲ್ಲ, ಉಪ್ಸಾರೂ ಇಲ್ಲ, ಎಲ್ಲದಕ್ಕೂ ಸಾಂಬಾರ್ ಅಂತಲೇ ಹಾಕಿಕೊಳ್ಳಬೇಕು. ಮುದ್ದೆ ಇದೆ, ಆದರೆ ಬರೀ 'ಒಂದು' ಅಂತ. ಒಂದು ಅಂದರೆ ಎಷ್ಟು? ಹೋಟೆಲ್ ಮುದ್ದೆ ಬೇರೆ, ನಮ್ಮಪ್ಪನ ತಟ್ಟೆಯ ಮುದ್ದೆ ಬೇರೆ ಅಲ್ವಾ?

ಮುದ್ದೆ ತಿಂದರೆ ತಾನಾಗೇ ಸಣ್ಣ ಆಗುತ್ತಾರೆ ಅಂತ ನಮ್ಮ ಕಡೆ ಒಂದು ನಂಬಿಕೆ ಇದೆ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಅಷ್ಟೇ ಅಕ್ಕಿಯಲ್ಲಿ 350ರ ಆಸುಪಾಸು. ಅಂಥಾ ದೊಡ್ಡ ವ್ಯತ್ಯಾಸವೇನಿಲ್ಲ. ರಾಗಿಯ ಹೆಚ್ಚುಗಾರಿಕೆ ಇರುವುದು ನಾರು ಮತ್ತು ಕ್ಯಾಲ್ಸಿಯಂನಲ್ಲಿ, 100 ಗ್ರಾಂಗೆ 350 ಮಿಲಿಗ್ರಾಂ ಮೀರಿ ಕ್ಯಾಲ್ಸಿಯಂ ಸಿಗುತ್ತದೆ. ಹಾಗಾಗಿ ಅನ್ನ ಬಿಟ್ಟು ಮುದ್ದೆಗೆ ಬನ್ನಿ ಅಂತ ನಮ್ಮವರಿಗೆ ಹೇಳುವುದರಲ್ಲಿ ಅರ್ಥವೇ ಇರಲಿಲ್ಲ. ಕರಾವಳಿಯವರಿಗೆ ಮುದ್ದೆ ನುಂಗು ಅಂದರೆ ಅದು ಡಯಟ್ ಅಲ್ಲ, ಶಿಕ್ಷೆ.

ಈಗ ಆ ಮೇಡಂ ವಿಷಯ. ಹದಿನೈದು ದಿನಕ್ಕೊಮ್ಮೆ ಒಂದು ಕಾಲ್ ಅಂತ ಪ್ಲಾನಿನಲ್ಲೇ ಇದೆ. ಮೊದಲು ಸಿಕ್ಕವರು ಚಾರ್ಟನ್ನೇ ಓದಿ ಹೇಳಿದರು. ಓದಲು ನನಗೂ ಬರುತ್ತದೆ. ಆಮೇಲೆ ಬೇರೆ ಒಬ್ಬರು ಬಂದರು, ಕನ್ನಡದವರೇ, ಅವರು ಕೇಳಿದ ಮೊದಲ ಪ್ರಶ್ನೆ: "ಏನಿಲ್ಲ ಅಂದ್ರೆ ನಿಮಗೆ ಊಟ ಮಾಡಿದ ಹಾಗೆ ಆಗಲ್ಲ, ಅದು ಹೇಳಿ ಮೊದಲು." ಮುದ್ದೆ ಅಂದೆ. ಸರಿ, ಮುದ್ದೆ ಇರಲಿ, ಅದಾದ ಮೇಲೆ ಏನು ತಿನ್ನುತ್ತೀರಿ ಅಂದರು. ಒಂದು ಹಿಡಿ ಅನ್ನ, ಮಜ್ಜಿಗೆ ಅಂದೆ. ನಮ್ಮ ಕಡೆ ಯಾರ ಮನೆಗೆ ಹೋದರೂ ಹಾಗೇ, ಮುದ್ದೆ ಉಂಡ ಮೇಲೆ ಅನ್ನ ಬಡಿಸದಿದ್ದರೆ ಮರ್ಯಾದೆ ಪ್ರಶ್ನೆ. ಆ ಅನ್ನ ಬಿಡಿ, ಮುದ್ದೆ ಸ್ವಲ್ಪ ಚಿಕ್ಕದು ಮಾಡಿ, ಸಾರಿಗೆ ಹುರುಳಿಕಾಳೋ ಅವರೆಕಾಳೋ ಜಾಸ್ತಿ ಹಾಕಿ, ಬಸ್ಸಾರಿನ ಪಲ್ಯ ಎರಡು ಪಟ್ಟು ಬಡಿಸಿಕೊಳ್ಳಿ, ಮಜ್ಜಿಗೆ ಕುಡಿಯಿರಿ. ಅಷ್ಟೇ ಅವರ ಚಾರ್ಟ್. ನಮ್ಮವರಿಗೆ ಕುಚ್ಚಲಕ್ಕಿ ಒಂದೇ ಹೊತ್ತು, ಮೀನು ಹುರಿಯುವ ಬದಲು ಸಾರು, ಮಸಾಲೆಗೆ ತೆಂಗಿನಕಾಯಿ ಅರ್ಧಕ್ಕರ್ಧ ಕಡಿಮೆ. ಕೊನೆಯದಕ್ಕೆ ಮುಖ ಸಿಂಡರಿಸಿದರು, ಆದರೆ ಅದನ್ನೇ ಇವತ್ತಿಗೂ ನಡೆಸಿಕೊಂಡು ಬಂದಿದ್ದಾರೆ. ಕಿನೋವಾ ಪ್ಯಾಕೆಟ್ ಮಾತ್ರ ಅರ್ಧ ಖಾಲಿಯಾಗಿ ಡಬ್ಬದಲ್ಲೇ ಕೂತಿದೆ.

ಇಷ್ಟು ಚೆನ್ನಾಗಿ ನಡೆಯುತ್ತಿರುವಾಗ ಆ್ಯಪ್ ಏನು ಮಾಡಬೇಕು? ಡಿಎನ್ಎ ಟೆಸ್ಟ್ ಮಾರಲು ಶುರು ಮಾಡಿತು. ನಿಮ್ಮ ಜೀನ್ ನೋಡಿ ಕೀಟೋ (ಅನ್ನ, ಮುದ್ದೆಯಂಥ ಕಾರ್ಬ್ ತೀರಾ ಕಡಿಮೆ ಮಾಡಿ ಕೊಬ್ಬು ಜಾಸ್ತಿ ತಿನ್ನುವ ಊಟ) ಒಗ್ಗುತ್ತದೋ, ಕೊಬ್ಬು ಕಡಿಮೆ ಇರುವ ಊಟ ಒಗ್ಗುತ್ತದೋ ಹೇಳುತ್ತೇವೆ, ಇಷ್ಟು ಸಾವಿರ ಕಟ್ಟಿ ಅಂತ. ಇದಕ್ಕೆ ದುಡ್ಡು ಹಾಕುವ ಮುಂಚೆ ಒಂದು ವಿಷಯ ತಿಳಿದಿರಲಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕೊಬ್ಬು ಕಡಿಮೆ, ಇನ್ನೊಂದಕ್ಕೆ ಕಾರ್ಬ್ ಕಡಿಮೆ ಊಟ ಹೇಳಿ ಒಂದು ವರ್ಷ ನೋಡಿದರು. 2018ರಲ್ಲಿ ಫಲಿತಾಂಶ ಬಂತು. ಮೊದಲ ಗುಂಪು ಸರಾಸರಿ 5.3 ಕೆಜಿ ಇಳಿಯಿತು, ಎರಡನೆಯದು 6 ಕೆಜಿ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂಥ ವ್ಯತ್ಯಾಸ ಅನ್ನಲಾಗುವುದಿಲ್ಲ. ಯಾರಿಗೆ ಯಾವುದು ಒಗ್ಗುತ್ತದೆ ಅಂತ ಜೀನ್ ನೋಡಿ ಹೇಳಲೂ ಅವರ ಕೈಲಿ ಆಗಲಿಲ್ಲ. 2005ರಲ್ಲಿ ಅಮೆರಿಕದಲ್ಲೇ 160 ಜನರ ಮೇಲೆ ನಾಲ್ಕು ಹೆಸರುವಾಸಿ ಡಯಟ್‌ಗಳನ್ನು ಹೋಲಿಸಿ ನೋಡಿದ್ದರು. ಅಲ್ಲೂ ತೂಕ ಇಳಿದಿದ್ದು ಯಾವ ಡಯಟ್ ಅನ್ನುವುದಕ್ಕಿಂತ, ಅದನ್ನು ಯಾರು ಎಷ್ಟು ಬಿಡದೆ ಪಾಲಿಸಿದರು ಅನ್ನುವುದರ ಮೇಲೆ. ಬಿಡದೆ ಪಾಲಿಸಬೇಕು ಅಂದರೆ ಊಟ ಬಾಯಿಗೆ ಹಿಡಿಸಬೇಕು. ಅದನ್ನು ತಿಳಿಯಲು ಎಂಜಲು ತೆಗೆದು ಲ್ಯಾಬಿಗೆ ಕಳಿಸಬೇಕಾಗಿಲ್ಲ, ಕೇಳಿದರೆ ನಾವೇ ಹೇಳುತ್ತೇವೆ.

ಒಂದು ವಿಷಯದಲ್ಲಿ ಮಾತ್ರ ನನಗೆ ನಿಜವಾಗಿ ಸಿಟ್ಟು ಬಂತು. 16 ಗಂಟೆ ಉಪವಾಸ, 8 ಗಂಟೆ ಊಟ ಅನ್ನುವ ಪ್ಲಾನನ್ನು ಇವರು ಸೇರಿದ ಎಲ್ಲರ ಮುಂದೆಯೂ ಹಿಡಿಯುತ್ತಾರೆ, ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಅಂತ ಕೇಳುವುದೇ ಇಲ್ಲ. ಶುಗರ್‌ಗೆ ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಳ್ಳುವವರು ಅಷ್ಟು ಹೊತ್ತು ಖಾಲಿ ಹೊಟ್ಟೆಯಲ್ಲಿದ್ದರೆ ಶುಗರ್ ತೀರಾ ಇಳಿದು ತಲೆ ಸುತ್ತಿ ಬೀಳಬಹುದು. ಅಂಥವರು ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಬೇಡಿ.

ದುಡ್ಡು ಕಟ್ಟುವ ಮನಸ್ಸಿಲ್ಲದವರಿಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ಇದೆ, ಪುಕ್ಕಟೆ ಸಿಗುತ್ತದೆ. 2000 ಕ್ಯಾಲೊರಿ ಊಟಕ್ಕೆ ದಿನಕ್ಕೆ ಧಾನ್ಯ 250 ಗ್ರಾಂ, ಬೇಳೆಕಾಳು ಅಥವಾ ಮೊಟ್ಟೆ ಮೀನು 85 ಗ್ರಾಂ, ತರಕಾರಿ 400 ಗ್ರಾಂ ಅಂತ ಕೊಟ್ಟಿದ್ದಾರೆ. ಅದು ತೂಕ ಇಳಿಸುವ ಚಾರ್ಟ್ ಅಲ್ಲ, ಸಮತೋಲನದ ಊಟದ ಲೆಕ್ಕ. ಆದರೆ ಅದರ ಪಕ್ಕಕ್ಕೆ ನಿಮ್ಮ ತಟ್ಟೆ ಇಟ್ಟು ನೋಡಿದರೆ ಎಲ್ಲಿ ಜಾಸ್ತಿ ಆಗುತ್ತಿದೆ ಅಂತ ಗೊತ್ತಾಗುತ್ತದೆ. ನಮ್ಮ ಮನೆಯಲ್ಲಿ ಕೊರತೆ ಇದ್ದಿದ್ದು ತರಕಾರಿಗೆ.

ಆ್ಯಪೇ ಬೇಕು ಅನ್ನುವವರು ದುಡ್ಡು ಕಟ್ಟುವ ಮುಂಚೆ ಡಯಟಿಷಿಯನ್ ಹತ್ತಿರ ಒಂದು ಸಲ ಮಾತಾಡಿಸಿ ಅಂತ ಕೇಳಿ. ನೀವು ತಿನ್ನುವ ಸಾರಿನ ಹೆಸರು ಹೇಳಿ, ಅವರಿಗೆ ಗೊತ್ತಿದೆಯಾ ನೋಡಿ. ಒಬ್ಬರೇ ಕೊನೆತನಕ ಇರುತ್ತಾರಾ ಅಂತಲೂ ಕೇಳಿ, ಯಾಕೆಂದರೆ ನಮ್ಮ ಮೇಡಂ ಅರ್ಧದಲ್ಲೇ ಬದಲಾದರು, ಹೊಸಬರು ಮತ್ತೆ ಓಟ್ಸ್‌ನಿಂದ ಶುರು ಮಾಡಿದರು. ನಾವು ಮುಂದುವರಿಸಲಿಲ್ಲ. ಇನ್ನೊಂದು, ಆ್ಯಪ್ ತೆಗೆದುಹಾಕಿದ ಮಾತ್ರಕ್ಕೆ ಆಟೋ ಪೇ ನಿಲ್ಲುವುದಿಲ್ಲ, ಯುಪಿಐಗೆ ಹೋಗಿ ಮ್ಯಾಂಡೇಟ್ (ತಾನಾಗೇ ದುಡ್ಡು ಕಟ್ ಆಗಲು ನೀವು ಕೊಟ್ಟ ಒಪ್ಪಿಗೆ) ಬೇರೆಯಾಗಿ ರದ್ದು ಮಾಡಿ.