ಕಾಶ್ಮೀರ, ಲಡಾಖ್ ಕಡೆ ಗಾಡಿ ಬಿಡುವ ಮುಂಚೆ ಆಯಿಲ್ ಬಕೆಟ್ ಮೇಲಿನ ಮೊದಲ ನಂಬರ್ ನೋಡಿ

ಚಳಿಗಾಲದಲ್ಲಿ ಜಮ್ಮು ದಾಟಿ ಮೇಲೆ ಲೋಡ್ ಹಿಡಿಯುವ ನಮ್ಮ ಕಡೆಯ ಲಾರಿಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ದಾರಿಯಲ್ಲಿ ಯಾರಾದರೂ "ಹಳೇ ಇಂಜಿನ್ ಅಲ್ವಾ, ದಪ್ಪ ಆಯಿಲ್ ಹಾಕಿಸಿ, ಸೌಂಡ್ ಕಮ್ಮಿ ಆಗುತ್ತೆ" ಅಂದರೆ ಒಪ್ಪಬೇಡಿ. ಆ ಒಂದು ಮಾತಿನಿಂದ ನಮ್ಮ ಗಾಡಿಯ ಇಂಜಿನ್ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟಾರ್ ಸುಟ್ಟಿತು, ಇಂಜಿನ್‌ಗೆ ಗಾಳಿ ನೂಕುವ ಟರ್ಬೊ ಹೋಯಿತು, ವಾಪಸ್ ಬರುವಾಗ ಸಿಗಬೇಕಿದ್ದ ಸೇಬಿನ ಲೋಡೂ ಕೈತಪ್ಪಿತು.

ತಿಪಟೂರಿನಿಂದ ದೆಹಲಿಗೆ ಕೊಬ್ಬರಿ ಇಳಿಸಿ, ಅಲ್ಲಿಂದ ಜಮ್ಮುವಿಗೆ ಇನ್ನೊಂದು ಲೋಡ್ ಹಿಡಿದಿದ್ದೆವು. ಜಮ್ಮುವಿನಲ್ಲಿ ಬ್ರೋಕರ್ ಕಾರ್ಗಿಲ್‌ಗೆ ದಿನಸಿ ಇದೆ ಅಂದರು. ಜೋಜಿಲಾ ಕಣಿವೆದಾರಿ ಹಿಮಕ್ಕೆ ಮುಚ್ಚುವ ಮುಂಚೆ ಆ ಕಡೆ ದಾಸ್ತಾನು ತುಂಬಿಸಿಕೊಳ್ಳುವ ಅವಸರ ಇರುತ್ತೆ, ಬಾಡಿಗೆ ಚೆನ್ನಾಗಿ ಸಿಗುತ್ತೆ. ಆಯಿಲ್ ಬದಲಿಸುವ ಕಿಲೋಮೀಟರ್ ಕೂಡ ಆಗಿತ್ತು. ನಾನು ಲೋಡ್ ಕಾಗದ ಮಾಡಿಸಲು ಹೋಗಿದ್ದಾಗ ನನ್ನ ತಮ್ಮ, ಹೆದ್ದಾರಿ ಪಕ್ಕದ ಒಂದು ಅಂಗಡಿಯಲ್ಲಿ ಗಾಡಿ ನಿಲ್ಲಿಸಿ 15ಡಬ್ಲ್ಯು-40 ಗ್ರೇಡಿನ ಆಯಿಲ್ ಕೇಳಿದ. ಕಾರ್ಗಿಲ್‌ಗೆ ಹೋಗ್ತಿದ್ದೀವಿ ಅಂತಲೂ ಹೇಳಿದ. ಅಂಗಡಿಯವನು ಅದು ಖಾಲಿ ಅಂದು, 20ಡಬ್ಲ್ಯು-50 ದಪ್ಪ, ಅದಕ್ಕಿಂತ ಒಳ್ಳೇದು, ಬೆಟ್ಟ ಹತ್ತುವಾಗ ಇಂಜಿನ್‌ಗೆ ಹಿಡಿತ ಕೊಡುತ್ತೆ ಅಂತ ನಂಬಿಸಿ ಸುರಿದುಬಿಟ್ಟ. ಎಲ್ಲಿಗೆ ಹೋಗೋದು ಅಂತ ಗೊತ್ತಿದ್ದೂ ಹೀಗೆ ಮಾಡಿದನಲ್ಲ, ನನಗೆ ಇವತ್ತಿಗೂ ಸಿಟ್ಟು ಅದಕ್ಕೇ.

ಹೋಗುವಾಗ ಏನೂ ತೊಂದರೆ ಆಗಲಿಲ್ಲ. ಇಂಜಿನ್ ಬಿಸಿಯಾಗಿಯೇ ಇತ್ತು, ಕಾರ್ಗಿಲ್‌ನಲ್ಲಿ ಹಗಲು ಹೊತ್ತಿನಲ್ಲೇ ಅನ್‌ಲೋಡ್ ಆಯಿತು. ವಾಪಸ್ ಬರುವಾಗ ಜೋಜಿಲಾದಲ್ಲಿ ಹಿಮ ಬಿದ್ದು ರಸ್ತೆ ಬಂದ್. ಕಾರ್ಗಿಲ್ ಮತ್ತು ಜೋಜಿಲಾ ನಡುವಿನ ದ್ರಾಸ್‌ನಲ್ಲಿ ಗಾಡಿಗಳ ಸಾಲು ನಿಂತಿತು. ಮೈನಸ್ 20ರ ಹತ್ತಿರ ಹೋಗಿದೆ ಅಂತ ಅಲ್ಲಿಯವರು ಹೇಳುತ್ತಿದ್ದರು. ಬೆಳಿಗ್ಗೆ ಕೀ ತಿರುಗಿಸಿದರೆ ಸೆಲ್ಫ್ ಒಂದು ಸಲ "ಗುರ್" ಅಂದು ನಿಂತಿತು. ಡಿಪ್‌ಸ್ಟಿಕ್ ಎಳೆದು ನೋಡಿದೆ. ತುದಿಯಲ್ಲಿ ಆಯಿಲ್ ತೊಟ್ಟಿಕ್ಕುತ್ತಲೇ ಇಲ್ಲ, ಜೋನಿ ಬೆಲ್ಲದ ಹಾಗೆ ಎಳೆ ಎಳೆಯಾಗಿ ಜೋತು ಬಿದ್ದಿದೆ. ಇಂಜಿನ್ ಕೆಳಗಿನ ಆಯಿಲ್ ತೊಟ್ಟಿ, ಅಂದರೆ ಸಂಪ್ ತುಂಬ ಅದೇ. ಅದರೊಳಗೆ ಕ್ರ್ಯಾಂಕ್ ತಿರುಗಬೇಕು, ಪಂಪು ಅದನ್ನೇ ಎಳೆದು ಮೇಲೆ ಕಳಿಸಬೇಕು. ಆ ಚಳಿಯಲ್ಲಿ ಬ್ಯಾಟರಿ ಶಕ್ತಿಯೂ ಅರ್ಧಕ್ಕೆ ಇಳಿದಿರುತ್ತೆ. ಮತ್ತೆ ಮತ್ತೆ ಹೊಡೆದಾಗ ಸೆಲ್ಫ್‌ನಿಂದ ಸುಟ್ಟ ವಾಸನೆ ಬಂತು.

ರಸ್ತೆ ಬಿಟ್ಟ ತಕ್ಷಣ ಹಿಂದಿನವರು ಹಾರ್ನ್ ಹೊಡೆಯತೊಡಗಿದರು. ಬೇರೆ ಲಾರಿಗೆ ಕಟ್ಟಿ ಎಳೆಸಿ ಸ್ಟಾರ್ಟ್ ಮಾಡಿಸಿದೆವು. ಇಂಜಿನ್ ಹತ್ತಿತು, ಆದರೆ ಆಯಿಲ್ ಲೈಟ್ ಆರಲೇ ಇಲ್ಲ. ಒಣ ಕಬ್ಬಿಣ ಬಡಿದ ಹಾಗೆ ಮೇಲಿಂದ ಟಕ್ ಟಕ್ ಸದ್ದು. ಆಮೇಲೆ ಲೈಟ್ ಆರಿ ಪ್ರೆಶರ್ ಮುಳ್ಳು ಒಮ್ಮೆಲೇ ತುದಿಗೆ ಹೋಯಿತು. ಇಲ್ಲಿ ತುಂಬಾ ಜನ ಮೋಸ ಹೋಗುತ್ತಾರೆ. ಮುಳ್ಳು ಮೇಲಿದ್ದರೆ ಆಯಿಲ್ ಚೆನ್ನಾಗಿ ಓಡುತ್ತಿದೆ ಅಂತ ಅರ್ಥ ಅಲ್ಲ. ದಪ್ಪ ಆಯಿಲ್ ಸಣ್ಣ ದಾರಿಗಳಲ್ಲಿ ನುಗ್ಗಲಾರದೆ ಒತ್ತಡ ಏರಿರುತ್ತೆ. ಅಂಥ ಹೊತ್ತಲ್ಲಿ ಫಿಲ್ಟರಿನ ಬೈಪಾಸ್ ವಾಲ್ವ್ ತೆರೆದುಕೊಂಡು, ಸೋಸದ ಆಯಿಲ್ ನೇರವಾಗಿ ಬೇರಿಂಗಿಗೆ ಹೋಗುತ್ತೆ. ಟರ್ಬೊ ಶಾಫ್ಟ್ ನಿಮಿಷಕ್ಕೆ ಲಕ್ಷ ಸುತ್ತಿನ ಲೆಕ್ಕದಲ್ಲಿ ತಿರುಗುವಂಥದ್ದು, ಆಯಿಲ್ ಪದರದ ಮೇಲೆ ತೇಲುತ್ತಿರಬೇಕು. ಅಲ್ಲಿಗೆ ಆಯಿಲ್ ತಡವಾದರೆ ಅದರ ಕತೆ ಮುಗಿಯಿತು.

ಸೋನಾಮಾರ್ಗ್ ಇಳಿಯುವಷ್ಟರಲ್ಲಿ ಶಿಳ್ಳೆ ಹೊಡೆದಂಥ ಸದ್ದು, ಹಿಂದೆ ನೀಲಿ ಹೊಗೆ. ಶ್ರೀನಗರದ ಪರಿಂಪೊರಾದಲ್ಲಿ ಮೇಸ್ತ್ರಿ ಟರ್ಬೊ ಪೈಪ್ ಬಿಚ್ಚಿ, ಎರಡು ಬೆರಳಲ್ಲಿ ಶಾಫ್ಟ್ ಹಿಡಿದು ಅಲ್ಲಾಡಿಸಿ ತೋರಿಸಿದರು. ಮೇಲೆ ಕೆಳಗೆ ಕುಣಿಯುತ್ತಿತ್ತು, ಬ್ಲೇಡಿನ ತುದಿ ಒಳಗೋಡೆಗೆ ಉಜ್ಜಿ ಹೊಳೆಯುತ್ತಿತ್ತು. ಯಾವ ಆಯಿಲ್ ಹಾಕಿದ್ದೀರಿ, ಅವರು ಕೇಳಿದ ಮೊದಲ ಪ್ರಶ್ನೆಯೇ ಅದು. ರಿಪೇರಿ ಆಗುವಷ್ಟರಲ್ಲಿ ಲಸ್ಸಿಪೊರದ ಕೋಲ್ಡ್ ಸ್ಟೋರಿನಲ್ಲಿ ಮಾತಾಗಿದ್ದ ಸೇಬು ಬೇರೆ ಗಾಡಿಗೆ ಹೋಗಿತ್ತು.

ಈಗ ನಂಬರ್ ವಿಷಯ. ಡಬ್ಲ್ಯು ಅಕ್ಷರಕ್ಕಿಂತ ಮೊದಲು ಬರುವ ನಂಬರ್ ಚಳಿಯದ್ದು, ಕೊನೆಯದು ಇಂಜಿನ್ ಕಾದ ಮೇಲಿನದು, ಅಂದರೆ 100 ಡಿಗ್ರಿಯಲ್ಲಿ ಎಷ್ಟು ದಪ್ಪ ಅಂತ. ಆಯಿಲ್ ಗ್ರೇಡ್ ನಿಗದಿ ಮಾಡುವ ಎಸ್‌ಎಇ ಅಳತೆಯಲ್ಲಿ 20ಡಬ್ಲ್ಯು ಆಯಿಲ್‌ಗೆ ಇಂಜಿನ್ ತಿರುಗಿಸುವ ಪರೀಕ್ಷೆ ಮೈನಸ್ 15ರಲ್ಲಿ, ಪಂಪ್ ಆಗುವ ಪರೀಕ್ಷೆ ಮೈನಸ್ 20ರಲ್ಲಿ. 15ಡಬ್ಲ್ಯುಗೆ ಅದು ಮೈನಸ್ 20 ಮತ್ತು 25. 10ಡಬ್ಲ್ಯುಗೆ 25 ಮತ್ತು 30. 5ಡಬ್ಲ್ಯುಗೆ 30 ಮತ್ತು 35. ಇದೆಲ್ಲ ಹೊಸ ಆಯಿಲ್ ಲೆಕ್ಕ. ಓಡಿ ಮಸಿ ಸೇರಿದ ಆಯಿಲ್ ಇನ್ನೂ ದಪ್ಪ ಆಗಿರುತ್ತೆ. ನಮ್ಮ ಬೀದರ್, ವಿಜಯಪುರದಲ್ಲಿ ಡಿಸೆಂಬರ್ ಬೆಳಿಗ್ಗೆ ಎಷ್ಟೇ ಚಳಿ ಇದ್ದರೂ ಸೊನ್ನೆಗೆ ಇಳಿಯಲ್ಲ, ಹಾಗಾಗಿ 20ಡಬ್ಲ್ಯು ಊರಲ್ಲಿ ನಡೆದುಹೋಗುತ್ತೆ, ಅದರ ಮೇಲೆ ನಂಬಿಕೆಯೂ ಬಂದುಬಿಡುತ್ತೆ. ಶ್ರೀನಗರದ ತನಕ ಮಾತ್ರ ಆದರೆ ಒಳ್ಳೆ 15ಡಬ್ಲ್ಯು-40 ಸಾಕು. ದ್ರಾಸ್ ಕಡೆಗೆ ಅದೂ ಅಂಚಿನಲ್ಲೇ ಇರುತ್ತೆ. 10ಡಬ್ಲ್ಯು-40 ಅಥವಾ 5ಡಬ್ಲ್ಯು-40 ಬೇಕು, ಕಂಪನಿ ಪುಸ್ತಕ ಒಪ್ಪಿದರೆ ಮಾತ್ರ. ಪುಸ್ತಕದಲ್ಲಿ ಹವಾಮಾನಕ್ಕೆ ತಕ್ಕ ಗ್ರೇಡಿನ ಪಟ್ಟಿ ಇದೆಯಾ ನೋಡಿ. ಹೊಸ ಹೊಗೆ ನಿಯಮದ ಬಿಎಸ್6 ಗಾಡಿಯವರು ಗ್ರೇಡ್ ಜೊತೆಗೆ ಕಂಪನಿ ಹೇಳಿದ ಸ್ಪೆಸಿಫಿಕೇಶನ್ನೂ ನೋಡಲೇಬೇಕು, ಇಲ್ಲದಿದ್ದರೆ ಸೈಲೆನ್ಸರ್ ಫಿಲ್ಟರ್ ಕಟ್ಟಿಕೊಳ್ಳುತ್ತೆ.

ಆಯಿಲ್ ಸರಿ ಇದ್ದರೂ ಡೀಸೆಲ್ ಕೈಕೊಡಬಹುದು. ಕೆಳಗೆ ಬಯಲಲ್ಲಿ ಹಾಕಿಸಿದ ಡೀಸೆಲ್ಲನ್ನೇ ಟ್ಯಾಂಕ್ ತುಂಬ ಹೊತ್ತು ಹೋದರೆ ಅದರೊಳಗಿನ ಮೇಣ ಹೆಪ್ಪುಗಟ್ಟಿ ಫಿಲ್ಟರ್ ಬ್ಲಾಕ್. ಮೈನಸ್ 33ರವರೆಗೆ ಹರಿಯುವ ಚಳಿಗಾಲದ ಡೀಸೆಲ್ ಅನ್ನು ಇಂಡಿಯನ್ ಆಯಿಲ್ 2019ರಲ್ಲಿ ಲಡಾಖ್‌ಗೆ ಬಿಟ್ಟಿದೆ, ಟ್ಯಾಂಕ್ ಕಮ್ಮಿ ಇಟ್ಟುಕೊಂಡು ಹೋಗಿ ಅಲ್ಲಿಯ ಬಂಕಲ್ಲಿ ಕೇಳಿ ತುಂಬಿಸಿ. ಸೀಮೆಎಣ್ಣೆ ಬೆರೆಸಬೇಡಿ, ಪಂಪು ಸವೆಯುತ್ತೆ. ರೇಡಿಯೇಟರಿಗೆ ಬರೀ ನೀರು ಹಾಕಿಕೊಂಡು ಮೇಲೆ ಹೋಗುವವರು ಇನ್ನೂ ಇದ್ದಾರೆ. ಆ ನೀರು ಗಟ್ಟಿಯಾದರೆ ಇಂಜಿನ್ ಬ್ಲಾಕೇ ಬಿರುಕು ಬಿಡುತ್ತೆ, ಅರ್ಧಕ್ಕರ್ಧ ಕೂಲಂಟ್ ಇರಲೇಬೇಕು. ಸಂಜೆ ಏರ್ ಟ್ಯಾಂಕಿನ ನೀರು ಬಿಡಿ, ಬೆಳಿಗ್ಗೆ ಬ್ರೇಕ್ ವಾಲ್ವ್ ಹೆಪ್ಪುಗಟ್ಟಿರಲ್ಲ.

ದ್ರಾಸ್‌ನಲ್ಲಿ ಸಿಕ್ಕಿಕೊಂಡರೆ ಅಲ್ಲಿನ ಡ್ರೈವರ್‌ಗಳನ್ನು ನೋಡಿ ಕಲಿಯಿರಿ. ರಾತ್ರಿ ಆಗಾಗ ಎದ್ದು ಇಂಜಿನ್ ಸ್ಟಾರ್ಟ್ ಮಾಡಿ ಬಿಸಿ ಮಾಡುತ್ತಾರೆ, ಕ್ಯಾಬಿನ್ ಕಿಟಕಿ ಸ್ವಲ್ಪ ತೆರೆದೇ ಇಡುತ್ತಾರೆ. ಹೊಗೆ ಒಳಗೆ ತುಂಬಿದರೆ ಮಲಗಿದವರು ಏಳಲ್ಲ. ಡೀಸೆಲ್ ಬಟ್ಟೆಗೆ ಬೆಂಕಿ ಹಚ್ಚಿ ಸಂಪ್ ಕಾಯಿಸುವವರೂ ಇದ್ದರು. ಅದು ಬೇಡವೇ ಬೇಡ. ಡೀಸೆಲ್ ಪೈಪು, ಏರ್ ಪೈಪು, ವೈರಿಂಗ್ ಎಲ್ಲ ಪಕ್ಕದಲ್ಲೇ ಇರುತ್ತೆ. ಗಾಡಿ ಎಳೆಸಿ ಸ್ಟಾರ್ಟ್ ಮಾಡಿಸುವ ಬದಲು ಬಿಸಿಲು ಏರುವ ತನಕ ಕಾಯಿರಿ, ಹಿಂದಿನವರು ಎಷ್ಟೇ ಹಾರ್ನ್ ಹೊಡೆಯಲಿ. ಸ್ಟಾರ್ಟ್ ಆದ ಮೇಲೂ ಲೈಟ್ ಆರದಿದ್ದರೆ ತಕ್ಷಣ ಆಫ್ ಮಾಡಿ.

ಊರಿಂದಲೇ ಸೀಲ್ ಒಡೆಯದ ಒಂದು ಬಕೆಟ್ ಕ್ಯಾಬಿನ್ ಹಿಂದೆ ಹಾಕಿಕೊಳ್ಳಿ. ದಾರಿಯಲ್ಲಿ ಬದಲಿಸುವ ಹೊತ್ತು ಬಂದರೆ ಡ್ರೈನ್ ಮಾಡಿಸುವ ಕೂಲಿ ಮಾತ್ರ ಕೊಡಿ. ಅಂಗಡಿಯಲ್ಲೇ ಕೊಳ್ಳಬೇಕಾದರೆ ನಂಬರ್ ಕಾಣುವ ಹಾಗೆ ಬಕೆಟ್ ಫೋಟೊ ತೆಗೆದು, ಬಿಲ್ಲಿನಲ್ಲಿ ಗ್ರೇಡ್ ಬರೆಸಿ, ಕಣ್ಣೆದುರಲ್ಲೇ ಸೀಲ್ ಒಡೆಸಿ. ನಿಮ್ಮ ಗ್ರೇಡ್ ಇಲ್ಲ ಅಂದರೆ ಹಳೇ ಆಯಿಲಲ್ಲೇ ಮುಂದಿನ ಅಂಗಡಿ ತನಕ ಓಡಿಸಿ.