ಬಿಸಿಯೇರುತ್ತಿದ್ದ ಕಂಪ್ಯೂಟರ್ ಮತ್ತು ದುರ್ಗಿಗುಡಿಯ ಒಂದು ರಿಪೇರಿ ಅಂಗಡಿ

ಹಗಲು ಅಡಿಕೆ ಮಂಡಿಯ ಲೆಕ್ಕ ಬರೆಯುವ, ರಾತ್ರಿ ಊಟವಾದ ಮೇಲೆ ಒಂದೆರಡು ಗಂಟೆ ಆಟಕ್ಕೆ ಒದಗುವ ನನ್ನ ಡೆಸ್ಕ್‌ಟಾಪ್, ಕಳೆದ ಬೇಸಿಗೆಯಲ್ಲಿ ಆಟ ತೆರೆದ ಕಾಲು ಗಂಟೆಗೆಲ್ಲ ತಡವರಿಸತೊಡಗಿತು. ಫ್ಯಾನಿನ ಸದ್ದು ಪಕ್ಕದ ಕೋಣೆಗೂ ಕೇಳುತ್ತಿತ್ತು. ಎಚ್‌ಡಬ್ಲ್ಯೂಇನ್ಫೋ ಎಂಬ ಉಷ್ಣತೆ ತೋರಿಸುವ ತಂತ್ರಾಂಶ ಹಾಕಿ ನೋಡಿದರೆ ರೈಜೆನ್ 5 3600 ಪ್ರೊಸೆಸರ್ 95 ಡಿಗ್ರಿ ಮುಟ್ಟಿ ಅಲ್ಲಿಯೇ ನಿಂತಿತ್ತು. ಈ ಚಿಪ್‌ಗೆ ಎಎಮ್‌ಡಿ ಎಂಬ ತಯಾರಕ ಕಂಪನಿ ಗೊತ್ತುಮಾಡಿರುವ ಗರಿಷ್ಠ ಮಿತಿಯೂ ಅದೇ. ಅಲ್ಲಿಗೆ ತಲುಪಿದೊಡನೆ ಚಿಪ್ ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ, ಆಟ ತಡವರಿಸುವುದು ಅದರಿಂದಲೇ.

ಮೊದಲು ತೋರಿಸಿದ ಅಂಗಡಿಯವರು ಮುಚ್ಚಳವನ್ನೂ ತೆಗೆಯದೆ ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಘಟಕ) ಹೋಗಿದೆಯೆಂದು ತೀರ್ಮಾನಿಸಿ, ಹೊಸದನ್ನು ಕೂರಿಸಿ ಕಳಿಸಿದ್ದರು. ಬಿಸಿ ಒಂದು ಡಿಗ್ರಿಯೂ ಇಳಿಯಲಿಲ್ಲ. ಹಾಗಾಗಿ ಎರಡನೆಯ ಸಲ ತೀರ್ಥಹಳ್ಳಿಯಿಂದ ಶಿವಮೊಗ್ಗದ ಬಸ್ಸು ಹತ್ತಿ, ಮಂಡಗದ್ದೆಯ ತಿರುವುಗಳುದ್ದಕ್ಕೂ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ದುರ್ಗಿಗುಡಿಯ ಅಡ್ಡರಸ್ತೆಯಲ್ಲಿರುವ ಈ ಅಂಗಡಿಗೆ ಬಂದಾಗ ನನಗೆ ಹೆಚ್ಚಿನ ಭರವಸೆಯೇನೂ ಇರಲಿಲ್ಲ.

ಇಲ್ಲಿನ ತಂತ್ರಜ್ಞರು ಮಾಡಿದ ಮೊದಲ ಕೆಲಸವೇ ನನಗೆ ಹಿಡಿಸಿತು. ಯಂತ್ರವನ್ನು ಮುಚ್ಚಿದ ಸ್ಥಿತಿಯಲ್ಲಿ ಒಮ್ಮೆ, ಪಕ್ಕದ ತಗಡನ್ನು ಬಿಚ್ಚಿ ಇನ್ನೊಮ್ಮೆ ಓಡಿಸಿ, ಎರಡೂ ಸಲದ ಉಷ್ಣತೆಯನ್ನು ಬರೆದುಕೊಂಡರು. ತಗಡು ತೆಗೆದಾಗ ಬಿಸಿ ಚೆನ್ನಾಗಿ ಇಳಿದರೆ ತಪ್ಪು ಗಾಳಿಯ ಹರಿವಿನಲ್ಲಿದೆ, ಇಳಿಯದಿದ್ದರೆ ಚಿಪ್‌ನ ಮೇಲೆ ಕೂತು ಬಿಸಿ ಹೀರುವ ಕೂಲರ್ ಅಥವಾ ಅವೆರಡರ ನಡುವೆ ಹಚ್ಚುವ ಪೇಸ್ಟ್‌ನಲ್ಲಿದೆ ಎಂಬುದು ಅವರ ಲೆಕ್ಕ. ನನ್ನದರಲ್ಲಿ ಎಂಟು ಡಿಗ್ರಿ ಇಳಿದರೂ ಇನ್ನೂ 87ರಲ್ಲಿತ್ತು, ಅಂದರೆ ಎರಡೂ ಕಡೆ ತಪ್ಪಿತ್ತು. ಮುಂದಿನ ಫ್ಯಾನನ್ನು ಜೋಡಿಸಿದವರು ತಿರುಗುಮುರುಗಾಗಿ ಕೂರಿಸಿದ್ದರಿಂದ ಮುಂದಿನದೂ ಹಿಂದಿನದೂ ಗಾಳಿಯನ್ನು ಹೊರಕ್ಕೇ ತಳ್ಳುತ್ತಿದ್ದವು. ನಾಲ್ಕು ವರ್ಷ ನಾನು ಅದನ್ನು ದಿನವೂ ನೋಡಿದ್ದೆ!

ಕೂಲರಿನ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಕಂಡದ್ದನ್ನು ಧೂಳು ಎನ್ನುವುದಕ್ಕಿಂತ ಕಂಬಳಿ ಎನ್ನುವುದೇ ಸರಿ. ಅಡಿಕೆ ಸುಲಿಯುವ ಕಾಲದ ಸಿಪ್ಪೆಯ ಪುಡಿ, ಬೇಯಿಸುವ ಹಂಡೆಯ ಹೊಗೆ, ಅದರ ಮೇಲೆ ಮಳೆಗಾಲದ ಥಂಡಿ ಸೇರಿ ಅಂಟಾದ ಇಂಥ ಪದರ ಬ್ಲೋವರಿನ ಗಾಳಿಗೆ ಜಗ್ಗುವುದಿಲ್ಲ. ಕೂಲರನ್ನು ಕಳಚಿ ಬ್ರಷ್‌ನಿಂದಲೇ ತೆಗೆಯಬೇಕು. ಕಳಚುವಾಗಲೂ ಅವರ ಕೈ ಪಳಗಿದ್ದು ಕಂಡಿತು. ಈ ಮಾದರಿಯ ಪ್ರೊಸೆಸರಿನ ಪಿನ್ನುಗಳು ಚಿಪ್‌ನ ಅಡಿಯಲ್ಲೇ ಇರುವುದರಿಂದ, ಒಣಗಿದ ಪೇಸ್ಟ್ ಅಂಟಿಕೊಂಡಾಗ ಕೂಲರನ್ನು ನೇರ ಮೇಲಕ್ಕೆಳೆದರೆ ಚಿಪ್ಪೂ ಸಾಕೆಟ್ಟಿನಿಂದ ಕಿತ್ತು ಬಂದು ಪಿನ್ನುಗಳು ಬಾಗುವ ಅಪಾಯವಿದೆ. ಅವರು ಯಂತ್ರವನ್ನು ಕೊಂಚ ಹೊತ್ತು ಓಡಿಸಿ ಪೇಸ್ಟ್ ಮೆತ್ತಗಾದ ಮೇಲೆ ಆರಿಸಿ, ಸ್ಕ್ರೂ ಸಡಿಲಿಸಿ, ಕೂಲರನ್ನು ಎಡಬಲಕ್ಕೆ ಮೆಲ್ಲನೆ ತಿರುಚಿ ಎತ್ತಿದರು. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಹೊಸದನ್ನು ಹಚ್ಚಿದರು. ದೊಡ್ಡ ಕೂಲರ್ ಹಾಕಿಬಿಡಿ ಎಂದು ನಾನೇ ಹೇಳಿದರೂ, ಮೊದಲು ಇದರ ಫಲ ನೋಡೋಣವೆಂದು ತಡೆದರು. ಗ್ರಾಫಿಕ್ಸ್ ಕಾರ್ಡ್ 72 ಡಿಗ್ರಿಯಲ್ಲೇ ಇದ್ದುದರಿಂದ ಅದನ್ನು ಬಿಚ್ಚಲಿಲ್ಲ.

ದೂರುಗಳೂ ಇವೆ. ಸಂಜೆಗೆ ಕೊಡುತ್ತೇವೆಂದವರು ಕೊಟ್ಟದ್ದು ಮೂರನೆಯ ದಿನ. ₹900ರ ಬಿಲ್ಲಿನಲ್ಲಿ ಪೇಸ್ಟಿಗೆಷ್ಟು, ಕೂಲಿಗೆಷ್ಟು ಎಂಬ ವಿವರವಿಲ್ಲ. ಒಳಗಿನ ಒಂದು ಕೇಬಲನ್ನು ಕಟ್ಟದೆ ಬಿಟ್ಟಿದ್ದರಿಂದ ಅದು ಮನೆಯಲ್ಲಿ ಫ್ಯಾನಿಗೆ ತಾಗಿ ಕಟಕಟ ಎನ್ನುತ್ತಿತ್ತು, ನಾನೇ ತಗಡು ಬಿಚ್ಚಿ ಸರಿಪಡಿಸಿಕೊಂಡೆ.

ಅದೇ ಕೋಣೆ, ಅದೇ ಆಟ, ಅಷ್ಟೇ ಹೊತ್ತು: ಈಗ 84 ಡಿಗ್ರಿ. ಗೋಡೆಗೆ ಒತ್ತಿಕೊಂಡಿದ್ದ ಬೀಟೆ ಮೇಜಿನ ಗೂಡಿನಿಂದ ಡಬ್ಬಿಯನ್ನು ಹೊರಗಿಟ್ಟ ಮೇಲೆ 78. ಕೊನೆಯ ಆರು ಡಿಗ್ರಿಗೆ ಅಂಗಡಿಯವರು ಹಣ ಪಡೆಯಲಿಲ್ಲ, ಆದರೆ ಆ ಸಲಹೆ ಅವರದೇ. ಹೊಸನಗರ, ತೀರ್ಥಹಳ್ಳಿ ಕಡೆಯವರು ಹೊರಡುವ ಮುನ್ನ ಫೋನು ಮಾಡಿ, ಕೆಲಸ ಯಾವತ್ತು ಮುಗಿಯುತ್ತದೆಂದು ಎರಡೆರಡು ಸಲ ಕೇಳಿಕೊಳ್ಳುವುದು ಒಳ್ಳೆಯದು. ಭಾನುವಾರ ಬಾಗಿಲು ತೆರೆಯುವುದಿಲ್ಲ.